ಲೇಹ್‌ಗೆ ಹೊರಟಿದ್ದೀರಾ? ಮೊದಲ ಎರಡು ದಿನ ನಿಮ್ಮ ಉಸಿರಿಗೆ ಬಿಟ್ಟುಕೊಡಿ

ಲಡಾಖ್‌ನ ಲೇಹ್‌ನಲ್ಲಿ ವಿಮಾನ ಇಳಿದ ಮೊದಲ ಅರ್ಧ ಗಂಟೆ ಮೋಸದ್ದು. ಬಿಸಿಲು ಚೆನ್ನಾಗಿರುತ್ತದೆ, ಸುತ್ತ ಬೆಟ್ಟ, ಎಲ್ಲರ ಕೈಯಲ್ಲೂ ಮೊಬೈಲ್. ಏನೂ ಆಗಿಲ್ಲವಲ್ಲ, ಸುಮ್ನೆ ಹೆದರಿಸಿದ್ದರು ಅನ್ನಿಸುತ್ತದೆ. ಬ್ಯಾಗ್ ತೆಗೆದರೆ ಬೆಂಗಳೂರಿನಲ್ಲಿ ಕೊಂಡ ಚಿಪ್ಸ್ ಪ್ಯಾಕೆಟ್ ಈಗಲೋ ಆಗಲೋ ಒಡೆಯುವಷ್ಟು ಉಬ್ಬಿರುತ್ತದೆ. ಅದನ್ನು ನೋಡಿ ನಗುತ್ತೇವೆ. ಹೋಟೆಲ್‌ಗೆ ಬಂದು ಬ್ಯಾಗ್ ಹೆಗಲಿಗೇರಿಸಿ ಎರಡನೇ ಮಹಡಿಗೆ ಹತ್ತುವಾಗ ಗೊತ್ತಾಗುತ್ತದೆ, ಎದೆ ಡವಡವ, ಬಾಯಿ ತೆರೆದರೂ ಉಸಿರು ಸಾಲದು. ಪ್ಯಾಕೆಟ್ ಉಬ್ಬಿಸಿದ್ದು ಯಾವುದೋ ಅದೇ ನಮ್ಮನ್ನೂ ಹಿಡಿದಿರುತ್ತದೆ.

ಇಲ್ಲೊಂದು ತಮಾಷೆ ಇದೆ. ಬೇರೆ ಊರಲ್ಲಿ ವಿಮಾನ ಇಳಿದರೆ ದಟ್ಟ ಗಾಳಿಗೆ ಬರುತ್ತೇವೆ. ಹಾರುವಾಗ ಕ್ಯಾಬಿನ್ ಒಳಗಿನ ಗಾಳಿ ಹೆಚ್ಚೆಂದರೆ 2,400 ಮೀಟರ್ ಎತ್ತರದಲ್ಲಿ ಇರುವಷ್ಟು ತೆಳ್ಳಗಿರುತ್ತದೆ. ಲೇಹ್ ನಿಲ್ದಾಣ ಇರುವುದೇ 3,256 ಮೀಟರ್‌ನಲ್ಲಿ. ಅಂದರೆ ಇಲ್ಲಿ ಇಳಿದರೂ ಹತ್ತಿದ ಲೆಕ್ಕ. ಊರು ಇನ್ನೂ ಸ್ವಲ್ಪ ಮೇಲೆ, ಸುಮಾರು 3,500 ಮೀಟರ್. ನಮ್ಮ ಬೆಂಗಳೂರು 920. ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930. ಹಾಗಾಗಿ ನಮ್ಮೂರ ಬೆಟ್ಟ ಹತ್ತಿದ ಅನುಭವ ಕಾಲಿಗೆ ಶಕ್ತಿ ಕೊಡಬಹುದು, ಈ ಎತ್ತರದ ಅಭ್ಯಾಸ ಕೊಡುವುದಿಲ್ಲ.

ಮೊದಲು ಒಳಗೆ ಏನಾಗುತ್ತದೆ ಅಂತ ತಿಳಿದುಕೊಳ್ಳಿ

"ಮೇಲೆ ಗಾಳಿಯಲ್ಲಿ ಆಕ್ಸಿಜನ್ ಕಮ್ಮಿ" ಅನ್ನುವುದು ಅರ್ಧ ಸರಿ. ಮಲ್ಪೆ ಕಡಲ ತೀರದಲ್ಲೂ ಲೇಹ್ ಹತ್ತಿರದ ಖಾರ್ದುಂಗ್ ಲಾದಲ್ಲೂ (ಲಾ ಅಂದರೆ ಬೆಟ್ಟ ದಾಟುವ ಕಣಿವೆದಾರಿ) ಗಾಳಿಯಲ್ಲಿ ಆಕ್ಸಿಜನ್ ಪಾಲು ಒಂದೇ, ಶೇ. 21. ಕಮ್ಮಿಯಾಗುವುದು ಒತ್ತಡ. ಕಡಲ ಮಟ್ಟದಲ್ಲಿ ಅದು ಪಾದರಸದ 760 ಮಿಲಿಮೀಟರ್. ಲೇಹ್‌ನಲ್ಲಿ ಸುಮಾರು 500. 5,359 ಮೀಟರ್‌ನ ಖಾರ್ದುಂಗ್ ಲಾದಲ್ಲಿ ಕಡಲ ಮಟ್ಟದ ಅರ್ಧಕ್ಕಿಂತ ಚೂರು ಜಾಸ್ತಿ, ಅಷ್ಟೇ.

ಒತ್ತಡ ಯಾಕೆ ಮುಖ್ಯ? ಶ್ವಾಸಕೋಶದ ಸಣ್ಣ ಗಾಳಿಚೀಲಗಳಿಂದ ರಕ್ತಕ್ಕೆ ಆಕ್ಸಿಜನ್ ದಾಟುವುದು ಒತ್ತಡದ ವ್ಯತ್ಯಾಸದಿಂದ. ಮನೆ ಮೇಲಿನ ಟ್ಯಾಂಕ್ ನೆನಪಿಸಿಕೊಳ್ಳಿ. ಟ್ಯಾಂಕನ್ನು ಎರಡು ಅಡಿ ಕೆಳಗೆ ಇಳಿಸಿದರೆ ನೀರು ಅಷ್ಟೇ ಇದ್ದರೂ ನಲ್ಲಿ ಸಣ್ಣಗೆ ಬರುತ್ತದೆ, ಅಲ್ವಾ? ಹಾಗೇ.

ದೇಹ ಇದನ್ನು ನಿಮಿಷಗಳಲ್ಲೇ ಪತ್ತೆ ಹಚ್ಚುತ್ತದೆ. ಕತ್ತಿನ ಎರಡೂ ಬದಿ, ನಾಡಿ ಮುಟ್ಟಿ ನೋಡುವ ಜಾಗದ ಹತ್ತಿರ, ಅಕ್ಕಿ ಕಾಳಿನಷ್ಟು ದೊಡ್ಡ ಎರಡು ಕಾವಲುಗಾರರಿದ್ದಾರೆ. ರಕ್ತದಲ್ಲಿ ಆಕ್ಸಿಜನ್ ಇಳಿದ ಕೂಡಲೇ ಮೆದುಳಿಗೆ ಸುದ್ದಿ ಮುಟ್ಟಿಸುತ್ತಾರೆ. ಉಸಿರು ಆಳವಾಗುತ್ತದೆ, ಬೇಗ ಬೇಗ ಬರುತ್ತದೆ. ಹೃದಯವೂ ಓಟ ಕೀಳುತ್ತದೆ.

ತೊಡಕು ಶುರುವಾಗುವುದು ಆಮೇಲೆ. ಜಾಸ್ತಿ ಉಸಿರಾಡಿದಷ್ಟೂ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗುತ್ತದೆ. ಅದು ಕಮ್ಮಿಯಾದರೆ ರಕ್ತ ಕ್ಷಾರದ ಕಡೆ ವಾಲುತ್ತದೆ. ಆಗ ಮೆದುಳು "ಸಾಕು, ನಿಧಾನ" ಅಂತ ಬ್ರೇಕ್ ಹಾಕುತ್ತದೆ. ಒಬ್ಬ ಆಕ್ಸಿಲರೇಟರ್ ಒತ್ತುತ್ತಾನೆ, ಇನ್ನೊಬ್ಬ ಬ್ರೇಕ್. ಈ ಜಗಳ ಬಿಡಿಸುವುದು ಶ್ವಾಸಕೋಶವಲ್ಲ, ಮೂತ್ರಪಿಂಡ. ಹೆಚ್ಚಾದ ಬೈಕಾರ್ಬನೇಟನ್ನು ಮೂತ್ರದಲ್ಲಿ ಹೊರಗೆ ಹಾಕುತ್ತಾ ಬರುತ್ತದೆ, ಬ್ರೇಕ್ ಸಡಿಲಾಗುತ್ತದೆ, ಉಸಿರು ಬೇಕಾದಷ್ಟು ಏರುತ್ತದೆ. ಇದಕ್ಕೆ ಕೆಲವು ದಿನ ಬೇಕು. ಲೇಹ್‌ನಲ್ಲಿ ಮೊದಲ ದಿನ ಪದೇ ಪದೇ ಮೂತ್ರಕ್ಕೆ ಏಳಬೇಕಾದರೆ ಬೈದುಕೊಳ್ಳಬೇಡಿ, ಒಳಗೆ ಕೆಲಸ ನಡೆದಿದೆ ಅಂತ ಅರ್ಥ.

ಕೆಂಪು ರಕ್ತಕಣ ಜಾಸ್ತಿಯಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಅದು ವಾರಗಳ ಮಾತು. ಒಂದು ವಾರದ ಪ್ರವಾಸಕ್ಕೆ ನಿಮ್ಮನ್ನು ಕಾಪಾಡುವುದು ಉಸಿರೇ.

ಒಂದು ತಿಂಗಳ ಮೊದಲು

ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಶ್ವಾಸಕೋಶದ ಹಳೇ ಕಾಯಿಲೆ, ರಕ್ತಹೀನತೆ, ಗೊರಕೆಯ ಜೊತೆ ಉಸಿರು ನಿಲ್ಲುವ ಸಮಸ್ಯೆ ಇರುವವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕಾಣಿ, ಆಮೇಲೆ ಟಿಕೆಟ್. ನಮ್ಮಲ್ಲಿ ಉಲ್ಟಾ ನಡೆಯುತ್ತದೆ. ಟಿಕೆಟ್ ಮಾಡಿಸಿಕೊಂಡು "ಡಾಕ್ಟ್ರೇ, ಹೋಗಬಹುದಲ್ವಾ?" ಅಂತ ಕೇಳುತ್ತೇವೆ.

ಆಸ್ತಮಾ ಇದೆ ಅಂದ ಮಾತ್ರಕ್ಕೆ ಹೋಗಬಾರದು ಅಂತಿಲ್ಲ. ಎತ್ತರದಲ್ಲಿ ದೂಳಿನ ಹುಳ ಕಮ್ಮಿ, ತೆಳ್ಳಗಿನ ಗಾಳಿ ಶ್ವಾಸನಾಳದಲ್ಲಿ ಸುಲಭವಾಗಿ ಹರಿಯುತ್ತದೆ. ಊದಿ ನೋಡುವ ಮೀಟರ್‌ನಲ್ಲಿ ಅಂಕಿ ಏರಿದರೂ ಏರಬಹುದು. ಆದರೆ ಒಣ ಚಳಿಗಾಳಿ ಮತ್ತು ಏರುದಾರಿ ಸೇರಿದರೆ ದಮ್ಮು ಎದ್ದೇಳಬಹುದು. ಈಗ ಹತೋಟಿಯಲ್ಲಿದ್ದರೆ ಮಾತ್ರ ಹೊರಡಿ. ಇನ್‌ಹೇಲರ್ ಎರಡು ಇರಲಿ, ಒಂದನ್ನು ಜಾಕೆಟ್‌ನ ಒಳಜೇಬಿನಲ್ಲಿ ಮೈ ಬಿಸಿಗೆ ಇಟ್ಟುಕೊಳ್ಳಿ.

ಹೊರಡುವ ವಾರ ನೆಗಡಿ, ಕೆಮ್ಮು, ಜ್ವರ ಬಂದರೆ ದಿನ ಮುಂದಕ್ಕೆ ಹಾಕಿ. ಎದೆಯ ಸೋಂಕಿನೊಂದಿಗೆ ಎತ್ತರಕ್ಕೆ ಹೋದವರಿಗೆ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯ ಜಾಸ್ತಿ.

ಜಿಮ್, ಓಟ ಇವೆಲ್ಲ ಒಳ್ಳೆಯದೇ. ಆದರೆ ಅವು ಎತ್ತರದ ಕಾಯಿಲೆಗೆ ಅಡ್ಡ ಬರುವುದಿಲ್ಲ. ನನ್ನ ಭಾವ ಹತ್ತು ಕಿಲೋಮೀಟರ್ ಓಟ ಓಡುವ ಮನುಷ್ಯ. ಲೇಹ್ ತಲುಪಿದ ಸಂಜೆಯೇ ಶಾಂತಿ ಸ್ತೂಪದ ಐನೂರರ ಆಸುಪಾಸಿನ ಮೆಟ್ಟಿಲನ್ನು ಒಂದೇ ದಮ್ಮಿಗೆ ಹತ್ತಿದರು. ಮರುದಿನ ಪೂರ್ತಿ ಬಕೆಟ್ ಪಕ್ಕದಲ್ಲಿಟ್ಟುಕೊಂಡು ಮಲಗಿದ್ದರು. ಜೊತೆಗೆ ಬಂದಿದ್ದ ಅರವತ್ತೆರಡರ ಅತ್ತೆ ಕುರ್ಚಿ ಹಾಕಿಕೊಂಡು ಬಿಸಿಲಲ್ಲಿ ಕೂತಿದ್ದರು, ಅವರಿಗೆ ಏನೂ ಆಗಲಿಲ್ಲ.

ಇನ್ನು ಡಯಾಮಾಕ್ಸ್. ಇದು ಅಸೆಟಜೋಲಮೈಡ್ ಎಂಬ ಮಾತ್ರೆ. ಮೂತ್ರಪಿಂಡ ಎರಡು ಮೂರು ದಿನ ತೆಗೆದುಕೊಳ್ಳುವ ಕೆಲಸವನ್ನು ಬೇಗ ಶುರು ಮಾಡಿಸುತ್ತದೆ. ಲಕ್ಷಣ ಮುಚ್ಚಿಡುವ ಔಷಧ ಅಲ್ಲ, ಒಗ್ಗಿಕೊಳ್ಳುವುದನ್ನೇ ಚುರುಕು ಮಾಡುವಂಥದ್ದು. ಸಾಮಾನ್ಯವಾಗಿ ದೊಡ್ಡವರಿಗೆ 125 ಮಿಲಿಗ್ರಾಂ ಬೆಳಿಗ್ಗೆ, ರಾತ್ರಿ. ಹೊರಡುವ ಹಿಂದಿನ ದಿನ ಶುರು ಮಾಡಿ, ತಲುಪಿದ ಮೇಲೆ ಎರಡು ದಿನ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಹೆಚ್ಚಾಗಿ ಸಿಗುವುದು 250ರ ಮಾತ್ರೆ, ಅರ್ಧ ಮಾಡಬೇಕಾಗುತ್ತದೆ. ಸಲ್ಫಾ ಅಲರ್ಜಿ, ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬೇಡಿ. ಬೆರಳ ತುದಿ ಜುಮ್ ಅನ್ನುತ್ತದೆ, ಸೋಡಾ ಕುಡಿದರೆ ಸಪ್ಪೆ ಅನ್ನಿಸುತ್ತದೆ. ಹೆದರಬೇಡಿ. ಊರಲ್ಲಿ ಇರುವಾಗಲೇ ಒಂದು ದಿನ ತೆಗೆದುಕೊಂಡು ನೋಡಿದರೆ ಮೈಗೆ ಹೊಂದುತ್ತದಾ ಅಂತ ಗೊತ್ತಾಗುತ್ತದೆ.

ದಾರಿ ಯಾವುದು?

ಬಿಡುವಿದ್ದರೆ ಶ್ರೀನಗರದ ದಾರಿ ಹಿಡಿಯಿರಿ. ಶ್ರೀನಗರ 1,585 ಮೀಟರ್, ಮರುದಿನ ಮಲಗುವ ಕಾರ್ಗಿಲ್ ಸುಮಾರು 2,680, ಆಮೇಲೆ ಲೇಹ್. ನಡುವೆ ಜೋಜಿ ಲಾ, ಫೋಟು ಲಾ ಎತ್ತರದಲ್ಲಿ ಇದ್ದರೂ ದಾಟಿ ಇಳಿಯುತ್ತೀರಿ. ಲೆಕ್ಕಕ್ಕೆ ಬರುವುದು ರಾತ್ರಿ ಮಲಗುವ ಜಾಗ.

ಮನಾಲಿ ದಾರಿ ಬೈಕ್ ಹುಡುಗರ ಅಚ್ಚುಮೆಚ್ಚು. ಉಸಿರಿನ ಮಟ್ಟಿಗೆ ಅದೇ ಕಷ್ಟದ್ದು. ಮನಾಲಿ 2,050 ಮೀಟರ್. ಹಲವರು ಮರುದಿನವೇ ಸರ್ಚುವಿನ ಟೆಂಟ್‌ನಲ್ಲಿ ಮಲಗುತ್ತಾರೆ. ಸರ್ಚು 4,290 ಮೀಟರ್, ಲೇಹ್‌ಗಿಂತಲೂ ಸುಮಾರು 800 ಮೀಟರ್ ಮೇಲೆ. ಆ ರಾತ್ರಿ ಯಾರೂ ಚೆನ್ನಾಗಿ ನಿದ್ದೆ ಮಾಡಿದ್ದನ್ನು ನಾನು ಕೇಳಿಲ್ಲ. ಈ ದಾರಿಯೇ ಬೇಕು ಅಂದರೆ 3,200 ಮೀಟರ್‌ನ ಜಿಸ್ಪಾದಲ್ಲಿ ಎರಡು ರಾತ್ರಿ ಉಳಿಯಿರಿ. ಮೂರನೇ ದಿನ ಬೆಳಕು ಹರಿಯುವ ಮುಂಚೆ ಹೊರಟು ಸರ್ಚುವಿನಲ್ಲಿ ಮಲಗದೆ ಮುಂದೆ ಹೋಗಲು ನೋಡಿ.

ವಿಮಾನದಲ್ಲಿ ಹೋಗುವವರಿಗೆ ಇರುವುದು ಒಂದೇ ಉಪಾಯ, ಹೋದ ಮೇಲೆ ಸುಮ್ಮನಿರುವುದು.

ಮೊದಲ 48 ಗಂಟೆ

ಹೋಟೆಲ್‌ನಲ್ಲಿ ಕೆಳಗಿನ ಮಹಡಿ ಕೇಳಿ. ಬ್ಯಾಗ್ ಎತ್ತಲು ಹುಡುಗರಿರುತ್ತಾರೆ, ನಾಚಿಕೆ ಬೇಡ. ಸ್ನಾನ ಮರುದಿನಕ್ಕೆ ಇರಲಿ. ಮಲಗಿಯೇ ಇರಬೇಕಿಲ್ಲ. ಹಗಲಿಡೀ ಗಾಢವಾಗಿ ನಿದ್ದೆ ಹೋದರೆ ಉಸಿರು ಇನ್ನೂ ಕಮ್ಮಿಯಾಗುತ್ತದೆ. ಬಿಸಿಲಲ್ಲಿ ಕೂತು ಹರಟೆ ಹೊಡೆಯಿರಿ. ಸಂಜೆ ಸಮತಟ್ಟಾದ ಬೀದಿಯಲ್ಲಿ ಹತ್ತು ನಿಮಿಷ ಸುತ್ತಾಡಿ. ಅಳತೆ ಸುಲಭ: ನಡೆಯುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಮಧ್ಯೆ ಉಸಿರು ತುಂಡಾದರೆ ಜೋರಾಗಿ ನಡೆಯುತ್ತಿದ್ದೀರಿ ಎಂದೇ.

ನೀರು ಕುಡಿಯಿರಿ, ಆದರೆ ಪಂದ್ಯ ಕಟ್ಟಿದ ಹಾಗೆ ಐದಾರು ಲೀಟರ್ ಬೇಡ. ಮೂತ್ರ ತಿಳಿ ಹಳದಿ ಇದ್ದರೆ ಸಾಕು. ಗಾಳಿ ಒಣಗಿರುವುದರಿಂದ ಪ್ರತಿ ಉಸಿರಿನಲ್ಲೂ ನೀರು ಹೋಗುತ್ತಿರುತ್ತದೆ. ಮೂಗು ಒಣಗಿ ಬಿರಿಯುತ್ತದೆ, ಅಂಚಿಗೆ ಕೊಬ್ಬರಿ ಎಣ್ಣೆ ಸವರಿ. ಊಟ ಹಗುರ ಇರಲಿ. ಚಿಪ್ಸ್ ಪ್ಯಾಕೆಟ್ ಉಬ್ಬಿದ ಹಾಗೆ ಹೊಟ್ಟೆಯೊಳಗಿನ ಗಾಳಿಯೂ ಉಬ್ಬುತ್ತದೆ, ವಪೆಯನ್ನು (ಎದೆ, ಹೊಟ್ಟೆ ನಡುವಿನ ಸ್ನಾಯುವಿನ ಪರದೆ) ಮೇಲಕ್ಕೆ ಒತ್ತಿದರೆ ಉಸಿರಿಗೆ ಜಾಗ ಕಮ್ಮಿ. ಮೊದಲ ದಿನ ರಾಜ್ಮಾ ಬಾರಿಸುವುದು ಅಷ್ಟು ಒಳ್ಳೆಯದಲ್ಲ. ಅನ್ನ, ತುಕ್ಪಾ (ಅಲ್ಲಿನ ನೂಡಲ್ಸ್ ಸಾರು), ಸೂಪ್ ಸಾಕು. (ಅನ್ನ ನಿಮ್ಮಷ್ಟಕ್ಕೆ ಮಾಡಿಕೊಳ್ಳುವವರು ಕುಕ್ಕರ್ ಮರೆಯಬೇಡಿ. ಅಲ್ಲಿ ನೀರು 88 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ, ಪಾತ್ರೆಯಲ್ಲಿಟ್ಟ ಬೇಳೆ ಬೇಯುವುದೇ ಇಲ್ಲ.)

ಮದ್ಯ, ಸಿಗರೇಟು, ನಿದ್ದೆ ಮಾತ್ರೆ ಮೂರೂ ಬೇಡ. ಮದ್ಯ ಮತ್ತು ನಿದ್ದೆ ಮಾತ್ರೆ ಉಸಿರನ್ನೇ ಕುಗ್ಗಿಸುತ್ತವೆ, ಉಸಿರು ಏರಬೇಕಾದ ಹೊತ್ತಿನಲ್ಲಿ.

ಪಚ್ಚಕರ್ಪೂರದ ವಿಷಯ ಹೇಳಲೇಬೇಕು. ನಮ್ಮ ಕಡೆಯ ಯಾತ್ರೆ ಗುಂಪುಗಳಲ್ಲಿ ಕರವಸ್ತ್ರದಲ್ಲಿ ಕಟ್ಟಿಕೊಂಡ ಕರ್ಪೂರ ಇದ್ದೇ ಇರುತ್ತದೆ. ಮೂಸಿದರೆ ಮೂಗು ತಣ್ಣಗಾಗಿ ಉಸಿರು ಬಿಚ್ಚಿಕೊಂಡ ಹಾಗೆ ಅನ್ನಿಸುತ್ತದೆ. ರಕ್ತದಲ್ಲಿ ಆಕ್ಸಿಜನ್ ಮಾತ್ರ ಒಂದು ಅಂಕಿಯೂ ಏರುವುದಿಲ್ಲ. ಮನಸ್ಸಿಗೆ ಹಿತ ಅನ್ನಿಸಿದರೆ ಮೂಸಿ, ಆದರೆ ಅದನ್ನು ನಂಬಿ ಮೇಲೆ ಹತ್ತಬೇಡಿ. ಅಂಗಡಿಯಲ್ಲಿ ಸಿಗುವ ಸಣ್ಣ ಆಕ್ಸಿಜನ್ ಕ್ಯಾನ್ ಕೂಡ ಅಷ್ಟೇ, ಕೆಲವೇ ನಿಮಿಷದ ಸಮಾಧಾನ.

ಪ್ರಾಣಾಯಾಮ ಮಾಡುವವರಿಗೆ ಒಂದು ಮಾತು. ನಿಧಾನವಾಗಿ, ಆಳವಾಗಿ, ಹೊಟ್ಟೆ ತುಂಬಿ ಉಸಿರಾಡುವುದು ಇಲ್ಲಿ ನಿಜಕ್ಕೂ ಉಪಯೋಗ. ಕುಂಭಕ ಮಾತ್ರ ಬೇಡ, ಉಸಿರು ಹಿಡಿಯುವ ಜಾಗ ಇದಲ್ಲ. ಕಪಾಲಭಾತಿ, ಭಸ್ತ್ರಿಕಾ ಕೂಡ ಕೆಲವು ದಿನ ಬಿಡಿ. ಮೊದಲೇ ಕಮ್ಮಿಯಾಗಿರುವ ಕಾರ್ಬನ್ ಡೈಆಕ್ಸೈಡ್ ಇನ್ನೂ ಇಳಿದು ತಲೆ ತಿರುಗುತ್ತದೆ.

ರಾತ್ರಿ ಉಸಿರು ನಿಂತು ನಿಂತು ಬಂದರೆ

ಮೊದಲ ರಾತ್ರಿ ಎರಡು ಗಂಟೆ ಹೊತ್ತಿಗೆ ನನ್ನ ಹೆಂಡತಿ ಭುಜ ಹಿಡಿದು ಅಲ್ಲಾಡಿಸಿದಳು. "ರೀ, ಉಸಿರಾಡ್ರೀ!" ಎದ್ದು ಕೂತೆ. ನನಗೇನೂ ಗೊತ್ತಿಲ್ಲ. ಅವಳು ಲೆಕ್ಕ ಹಾಕಿದ್ದಳಂತೆ: ನಾಲ್ಕೈದು ಸಲ ಜೋರು ಉಸಿರು, ಆಮೇಲೆ ಹತ್ತು ಸೆಕೆಂಡ್ ಏನೂ ಇಲ್ಲ, ಮತ್ತೆ ಮುಳುಗಿ ಎದ್ದವನ ಹಾಗೆ ದೊಡ್ಡ ಉಸಿರು. ಒಂದು ಗಂಟೆ ಬಿಟ್ಟು ನಾನು ಎಚ್ಚರ ಆದಾಗ ಅವಳೂ ಹಾಗೇ ಮಾಡುತ್ತಿದ್ದಳು.

ಇದು ಮೊದಲು ಹೇಳಿದ ಆಕ್ಸಿಲರೇಟರ್, ಬ್ರೇಕ್ ಜಗಳವೇ. ನಿದ್ದೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದಾಗ ಮೆದುಳು ಉಸಿರು ನಿಲ್ಲಿಸುತ್ತದೆ. ಆಕ್ಸಿಜನ್ ಇಳಿದಾಗ ಕತ್ತಿನ ಕಾವಲುಗಾರರು ಎಬ್ಬಿಸುತ್ತಾರೆ. ಎತ್ತರದಲ್ಲಿ ಬಹಳ ಜನರಿಗೆ ಹೀಗಾಗುತ್ತದೆ. ಇದೊಂದೇ ಇದ್ದರೆ ಅಪಾಯವಲ್ಲ. ತಲೆ ಕಡೆ ದಿಂಬು ಸ್ವಲ್ಪ ಎತ್ತರಿಸಿ, ಮಗ್ಗುಲಾಗಿ ಮಲಗಿ. ಡಯಾಮಾಕ್ಸ್ ತೆಗೆದುಕೊಳ್ಳುತ್ತಿರುವವರಿಗೆ ಇದು ಕಮ್ಮಿ.

ಆಕ್ಸಿಮೀಟರ್ ನೋಡುವ ಕ್ರಮ

ಕೋವಿಡ್ ಕಾಲದಲ್ಲಿ ಕೊಂಡದ್ದು ಮನೆಯಲ್ಲೇ ಬಿದ್ದಿರುತ್ತದೆ, ತನ್ನಿ. ಆದರೆ ಆಗಿನ ಭಯವನ್ನು ತರಬೇಡಿ. ಲೇಹ್‌ನಲ್ಲಿ ಮೊದಲ ದಿನ ಆರಾಮಾಗಿರುವವರಲ್ಲೂ 85ರಿಂದ 90ರ ಆಸುಪಾಸು ತೋರಿಸುವುದು ಸಹಜ. ಐದು ನಿಮಿಷ ಕೂತು, ಕೈ ಉಜ್ಜಿ ಬಿಸಿ ಮಾಡಿಕೊಂಡು, ಅಂಕಿ ನಿಂತ ಮೇಲೆ ಓದಿ. ತಣ್ಣನೆ ಬೆರಳು, ನೇಲ್ ಪಾಲಿಶ್ ಇದ್ದರೆ ತಪ್ಪು ಹೇಳುತ್ತದೆ. ದಿನಕ್ಕೆ ಎರಡು ಸಲ ಸಾಕು. ಒಂದು ಅಂಕಿಗಿಂತ ಓಟ ಮುಖ್ಯ: ದಿನೇ ದಿನೇ ಏರಬೇಕು. ಜೊತೆಯವರೆಲ್ಲ 88ರಲ್ಲಿದ್ದು ಒಬ್ಬರು ಮಾತ್ರ 72ಕ್ಕೆ ಇಳಿಯುತ್ತಿದ್ದರೆ ಅವರನ್ನು ಬಿಟ್ಟು ಎಲ್ಲೂ ಹೋಗಬೇಡಿ.

ಇನ್ನೂ ಮೇಲೆ ಹೋಗುವಾಗ

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಬಿಡುವು ಕೊಡಿ ಅನ್ನುವುದು ವೈದ್ಯರ ಸೂತ್ರ. ಭಾರತೀಯ ಸೇನೆ ಇನ್ನೂ ಕಟ್ಟುನಿಟ್ಟು. 9,000 ಅಡಿಯಲ್ಲಿ ಆರು ದಿನ, 12,000 ಅಡಿಯಲ್ಲಿ ನಾಲ್ಕು, 15,000 ಅಡಿಯಲ್ಲಿ ಮತ್ತೆ ನಾಲ್ಕು ದಿನ ಕಳೆದೇ ಮೇಲೆ ಕಳಿಸುವುದು. ಇಪ್ಪತ್ತರ ಹರೆಯದ ಜವಾನರಿಗೇ ಹದಿನಾಲ್ಕು ದಿನ. ನಮಗೆ ಎರಡು ದಿನ ಜಾಸ್ತಿ ಅನ್ನಿಸುತ್ತದೆ!

ಲೇಹ್ ಆದ ಮೇಲೆ ಮೊದಲು ನುಬ್ರಾ, ಆಮೇಲೆ ಪಾಂಗಾಂಗ್. ಖಾರ್ದುಂಗ್ ಲಾ ಎತ್ತರವಾದರೂ ಅದರಾಚೆ ನುಬ್ರಾದ ಹುಂಡರ್ ಸುಮಾರು 3,100 ಮೀಟರ್, ಲೇಹ್‌ಗಿಂತ ಕೆಳಗೆ. ಚೆನ್ನಾಗಿ ನಿದ್ದೆ ಬರುತ್ತದೆ. ಪಾಂಗಾಂಗ್ ಸರೋವರ 4,250 ಮೀಟರ್, ಅದು ಪ್ರವಾಸದ ಕೊನೆಗಿರಲಿ. ಖಾರ್ದುಂಗ್ ಲಾದಲ್ಲಿ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಡಿ. ಬೋರ್ಡ್ ಮುಂದೆ ಫೋಟೋಗೆ ಕುಣಿಯುವುದು, ಹಾರುವುದು ಬೇಡ. ಹಾನ್ಲೆಗೆ ಹೋಗುವ ಆಸೆ ಇದ್ದರೆ ಅದು ಇನ್ನೂ ಮೇಲೆ. ಅಲ್ಲಿನ ಖಗೋಳ ವೀಕ್ಷಣಾಲಯ 4,500 ಮೀಟರ್‌ನಲ್ಲಿದೆ. ಅದರ ಎರಡು ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ನಡೆಸುತ್ತಾರೆ. ಬುದ್ಧಿವಂತರು, ಕಾಫಿ ಕುಡಿಯುತ್ತಾ ನಕ್ಷತ್ರ ನೋಡುತ್ತಾರೆ.

ಯಾತ್ರೆಗೆ ಹೋಗುವವರೂ ಇದನ್ನೇ ಲೆಕ್ಕ ಹಾಕಿ. ಕೇದಾರ 3,583 ಮೀಟರ್, ಮುಕ್ತಿನಾಥ ಸುಮಾರು 3,700, ಮಾನಸ ಸರೋವರ 4,590. ಹೆಲಿಕಾಪ್ಟರ್‌ನಲ್ಲಿ ಕೇದಾರಕ್ಕೆ ಹೋದ ಅಜ್ಜಿಗೆ ನಡೆಯುವ ಕಷ್ಟ ತಪ್ಪಿತು, ಒಗ್ಗಿಕೊಳ್ಳುವ ಸಮಯವೂ ತಪ್ಪಿತು.

ಇದನ್ನು ಮಾತ್ರ ಬಾಯಿಪಾಠ ಮಾಡಿ

ತಲೆನೋವಿನ ಜೊತೆ ವಾಕರಿಕೆ, ಹಸಿವಿಲ್ಲದಿರುವುದು, ಸುಸ್ತು, ತಲೆ ತಿರುಗುವುದು ಇದ್ದರೆ ಅದು ಎತ್ತರದ ಕಾಯಿಲೆಯೇ. ಪಿತ್ತ, ಬಿಸಿಲು ಅಂತ ನೆಪ ಹುಡುಕಬೇಡಿ. ಇದ್ದಲ್ಲೇ ಉಳಿಯಿರಿ, ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. ಪೂರ್ತಿ ವಾಸಿಯಾಗುವ ತನಕ ಒಂದು ಮೀಟರ್ ಕೂಡ ಮೇಲೆ ಬೇಡ.

ನಿಜವಾಗಿ ಹೆದರಬೇಕಾದ್ದು ಶ್ವಾಸಕೋಶದಲ್ಲಿ ನೀರು ತುಂಬುವುದಕ್ಕೆ. ವೈದ್ಯರು ಹೇಪ್ ಅನ್ನುತ್ತಾರೆ. ಆಕ್ಸಿಜನ್ ಕಮ್ಮಿಯಾದ ಕಡೆ ಶ್ವಾಸಕೋಶದ ರಕ್ತನಾಳ ಬಿಗಿಯಾಗುವುದು ಅದರ ಗುಣ. ಊರಲ್ಲಿ ಇದು ಉಪಕಾರ, ಕೆಟ್ಟ ಭಾಗವನ್ನು ಬಿಟ್ಟು ಒಳ್ಳೆ ಭಾಗಕ್ಕೆ ರಕ್ತ ಹೋಗುತ್ತದೆ. ಎತ್ತರದಲ್ಲಿ ಎಲ್ಲಾ ಕಡೆಯೂ ಕಮ್ಮಿ, ಎಲ್ಲಾ ಕಡೆಯೂ ಬಿಗಿ, ಅದೂ ಒಂದೇ ಸಮ ಅಲ್ಲ. ಬಿಗಿಯಾಗದೆ ಉಳಿದ ಕೆಲವೇ ನಾಳಗಳಿಗೆ ರಕ್ತ ನುಗ್ಗಿ, ಒತ್ತಡ ತಡೆಯದೆ ನೀರು ಗಾಳಿಚೀಲಕ್ಕೆ ಸೋರುತ್ತದೆ. 1962ರ ಯುದ್ಧದ ಹೊತ್ತಿಗೆ ಬಯಲಿನಿಂದ ನೇರ ಹಿಮಾಲಯಕ್ಕೆ ಹೋದ ನಮ್ಮ ಸೈನಿಕರಲ್ಲಿ ಇದು ತುಂಬಾ ಕಾಣಿಸಿಕೊಂಡಿತು. ಎತ್ತರದ ಕಾಯಿಲೆ ಬಗ್ಗೆ 1969ರಲ್ಲಿ ಸೇನಾ ವೈದ್ಯರು ಪ್ರಕಟಿಸಿದ ವರದಿಯಲ್ಲಿ 1,925 ಸೈನಿಕರ ವಿವರ ಇದೆ. ಜಗತ್ತಿನ ವೈದ್ಯರು ಈ ವಿಷಯ ಕಲಿತದ್ದರಲ್ಲಿ ಅವರ ಪಾಲು ದೊಡ್ಡದು.

ಹೇಪ್ ಹೆಚ್ಚಾಗಿ ಬರುವುದು ಎರಡನೇ ರಾತ್ರಿಯಿಂದ ನಾಲ್ಕನೇ ದಿನದೊಳಗೆ. ಮೊದಲು ಒಣ ಕೆಮ್ಮು. ಬಾತ್‌ರೂಮಿಗೆ ಹೋಗಿ ಬರಲೂ ಸುಸ್ತು. ಆಮೇಲೆ ಸುಮ್ಮನೆ ಕೂತಿದ್ದರೂ ಏದುಸಿರು, ಮಲಗಿದರೆ ಜಾಸ್ತಿ. ತುಟಿ, ಉಗುರು ನೀಲಿ. ಎದೆಗೆ ಕಿವಿ ಕೊಟ್ಟರೆ ಗೊರಗೊರ. ಗುಲಾಬಿ ಬಣ್ಣದ ನೊರೆ ಕಫ ಬಂದರೆ ಬಹಳ ತಡವಾಗಿದೆ ಅಂತ, ಅಲ್ಲಿಯ ತನಕ ಕಾಯಲೇಬೇಡಿ. ಒಂದೇ ಗುರುತು ನೆನಪಿಡಿ: ನಡೆದಾಗ ಏದುಸಿರು ಎಲ್ಲರಿಗೂ ಬರುತ್ತದೆ, ಕೂತು ಅರ್ಧ ಗಂಟೆಯಾದರೂ ಇಳಿಯದಿದ್ದರೆ ಅದು ಕಾಯಿಲೆ.

ಇನ್ನೊಂದು, ಮೆದುಳು ಊದಿಕೊಳ್ಳುವುದು. ಮಾತು ತೊದಲುವುದು, ಗೊಂದಲ, ಕುಡಿದವರ ನಡಿಗೆ. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗುವ ಹಾಗೆ ನೇರ ಗೆರೆಯ ಮೇಲೆ ಹತ್ತು ಹೆಜ್ಜೆ ಹಾಕಿಸಿ. ಓಲಾಡಿದರೆ ಅನುಮಾನ ಬೇಡ.

ಎರಡರಲ್ಲಿ ಯಾವುದೇ ಬಂದರೂ ಆಕ್ಸಿಜನ್ ಕೊಡಿ, ಹತ್ತಿರದ ಆಸ್ಪತ್ರೆಗೆ ಒಯ್ಯಿರಿ, ಕೆಳಗೆ ಇಳಿಸಿ. "ಬೆಳಿಗ್ಗೆ ನೋಡೋಣ" ಅನ್ನುವ ಮಾತು ಬಾಯಿಗೆ ಬರಬಾರದು. ರೋಗಿಯನ್ನು ನಡೆಸಬೇಡಿ, ಗಾಡಿಯಲ್ಲಿ ಬೆನ್ನು ಎತ್ತರಿಸಿ ಕೂರಿಸಿ, ಬೆಚ್ಚಗಿಡಿ. 300 ಮೀಟರ್ ಇಳಿದರೂ ಫರಕು ಕಾಣಿಸಬಹುದು, ಸಾವಿರ ಇಳಿದರೆ ಒಳ್ಳೆಯದು. ಪಾಂಗಾಂಗ್‌ನಲ್ಲಿ ಇದ್ದರೆ ತೊಂದರೆ ಏನೆಂದರೆ ಲೇಹ್ ಕಡೆಯ ನೇರ ದಾರಿ 5,360 ಮೀಟರ್‌ನ ಚಾಂಗ್ ಲಾ ಹತ್ತಿಯೇ ಬರುತ್ತದೆ. ಗಾಡಿಯಲ್ಲಿ ಆಕ್ಸಿಜನ್ ಸಿಲಿಂಡರ್ ಇಲ್ಲದೆ ಅಲ್ಲಿಗೆ ಹೋಗಬೇಡಿ. ಡ್ರೈವರ್ "ಇದೆ ಸಾರ್" ಅಂದರೆ ಸಾಲದು, ಹೊರಡುವ ಮೊದಲು ಮೀಟರ್‌ನ ಮುಳ್ಳು ನೋಡಿ, ಮಾಸ್ಕ್ ಹಾಕಿ ತಿರುಗಿಸಿ ನೋಡಿ. ನಮ್ಮ ಗಾಡಿಯಲ್ಲಿ ಸಿಲಿಂಡರ್ ಇತ್ತು. ಖಾಲಿ.

ವಾಪಸ್ ಬಂದ ಮೇಲೆ ಉಸಿರು ಕೆಲವೇ ದಿನದಲ್ಲಿ ಹಳೇ ಲಯಕ್ಕೆ ಬರುತ್ತದೆ. ಕೆಮ್ಮು ಒಂದು ವಾರ ದಾಟಿದರೆ ಡಾಕ್ಟರಿಗೆ ತೋರಿಸಿ. ಒಗ್ಗಿಕೊಂಡದ್ದೂ ಕೆಲವು ವಾರಗಳಲ್ಲಿ ಮಾಯ. ಅದಕ್ಕೇ, ಹೋದ ವರ್ಷ ಹೋಗಿದ್ದಾಗ ಏನೂ ಆಗಿರಲಿಲ್ಲ ಅಂತ ಈ ಸಲ ವಿಮಾನ ಇಳಿದ ದಿನವೇ ಖಾರ್ದುಂಗ್ ಲಾಗೆ ಗಾಡಿ ಬುಕ್ ಮಾಡಬೇಡಿ.